ಅಟ್ಟದ ಮೇಲಿನ ತಿದಿ ಕ್ಯಾಮರಾ

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಟ್ರಂಕು ಒಂದಿದ್ದರೆ, ಬಿಡುವು ಮಾಡಿಕೊಂಡು ಒಮ್ಮೆ ಅದರ ತಳವನ್ನು ನೋಡಿ. ಮದುವೆಯ ಕರೆಯೋಲೆಗಳು, ಹರಿದ ಪಂಚಾಂಗ, ಯಾರದೋ ಕನ್ನಡಕದ ಗೂಡು, ಇವುಗಳ ಅಡಿಯಲ್ಲಿ ಕರಿಯ ಚರ್ಮ ಹೊದಿಸಿದ, ಒಂದು ದಪ್ಪ ಪುಸ್ತಕದಷ್ಟಿರುವ ಪೆಟ್ಟಿಗೆ ಸಿಕ್ಕರೂ ಸಿಕ್ಕೀತು. ಅದರ ಅಂಚಿನಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಮುಂದಿನ ಹಲಗೆ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತದೆ. ಒಳಗಿನಿಂದ ಮಡಿಕೆ ಮಡಿಕೆಯಾದ ಕರಿಯ ತಿದಿ ಹೊರಕ್ಕೆ ಚಾಚಿಕೊಳ್ಳುತ್ತದೆ. ಅದರ ತುದಿಯಲ್ಲಿ ಒಂಟಿ ಕಣ್ಣಿನಂತೆ ಒಂದು ಮಸೂರ. ಇದೇ ಮಡಿಚುವ ಕ್ಯಾಮರಾ. ಇದು ಕೈಗೆ ಸಿಕ್ಕಾಗ ಏನು ಮಾಡಬೇಕು, ಏನು ಮಾಡಬಾರದು, ಇದರಿಂದ ಈ ಕಾಲದಲ್ಲಿಯೂ ಪಟ ತೆಗೆಯುವುದು ಹೇಗೆ ಎಂಬುದರ ಬಗ್ಗೆ ನಾಲ್ಕು ಮಾತುಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಮಾಡಬಾರದ್ದನ್ನು ಮಾಡಿ ಕಲಿತವನು ನಾನು. ಆದುದರಿಂದ ಆ ಮಾತನ್ನು ಹೇಳುವ ಅಧಿಕಾರ ನನಗೆ ತಕ್ಕಮಟ್ಟಿಗೆ ಉಂಟು.

ತಿದಿ ಎಂದೆ. ಕಮ್ಮಾರನ ಕುಲುಮೆಯಲ್ಲಿ ಗಾಳಿ ಊದುವ ತಿದಿಯನ್ನು ನೀವು ಬಲ್ಲಿರಿ. ಹಾರ್ಮೋನಿಯಮ್ಮಿನ ಬೆನ್ನಿನ ತಿದಿಯನ್ನೂ ಬಲ್ಲಿರಿ. ಕ್ಯಾಮರಾಕ್ಕೆ ತಿದಿ ಏಕೆ? ಮಸೂರಕ್ಕೂ ಫಿಲ್ಮಿಗೂ ನಡುವೆ ಇಂತಿಷ್ಟು ದೂರ ಇರಲೇಬೇಕು. ನಾನು ಹೇಳುವ ಬಗೆಯ ಕ್ಯಾಮರಾದಲ್ಲಿ ಆ ದೂರ 105 ಮಿಲಿಮೀಟರು, ಎಂದರೆ ಸುಮಾರು ಅರ್ಧ ಗೇಣು. ಅಷ್ಟು ಉದ್ದದ ಗಟ್ಟಿ ಡಬ್ಬಿಯನ್ನು ಜೇಬಿನಲ್ಲಿ ಹಾಕಿಕೊಂಡು ಓಡಾಡಲಾಗದು. ಬೆಳಕು ಒಳಗೆ ನುಸುಳಬಾರದು, ಕೆಲಸವಿಲ್ಲದಾಗ ಮಡಿಸಿಟ್ಟುಕೊಳ್ಳುವಂತೆಯೂ ಇರಬೇಕು. ಈ ಎರಡು ಬೇಡಿಕೆಗಳಿಗೂ ತಿದಿಯೇ ಉತ್ತರ. ಇಂಗ್ಲೆಂಡಿನಲ್ಲಿ ಕ್ಯಾಪ್ಟನ್ ಫೌಕ್ ಎಂಬ ಸೇನಾ ಇಂಜಿನಿಯರು 1856ರಲ್ಲಿಯೇ ತಿದಿಯ ಕ್ಯಾಮರಾಕ್ಕೆ ಹಕ್ಕುಪತ್ರ ಪಡೆದರು. ಮರುವರ್ಷ ಸ್ಕಾಟ್ಲೆಂಡಿನ ಕಿನ್ನಿಯರ್ ಎಂಬವರು ತಿದಿಯನ್ನು ಮುಂದಕ್ಕೆ ಹೋದಂತೆ ಕಿರಿದಾಗುವಂತೆ ಮಾಡಿಸಿದರು. ಹಾಗೆ ಮಾಡಿದ್ದರಿಂದ ಮಡಿಕೆಗಳು ಒಂದರೊಳಗೊಂದು ಕೂತು ಪೆಟ್ಟಿಗೆ ಇನ್ನೂ ತೆಳುವಾಯಿತು. ಆಗ ಇವೆಲ್ಲ ಗಾಜಿನ ಫಲಕಗಳ ಕ್ಯಾಮರಾಗಳು. ಸುರುಳಿ ಫಿಲ್ಮು ಬಂದ ಮೇಲೆ, 1890ರ ದಶಕದ ಕೊನೆಯ ಹೊತ್ತಿಗೆ, ಈಸ್ಟ್‌ಮನ್ನರ ಕೊಡಕ್ ಕಂಪನಿ ಜೇಬಿಗೆ ಹಿಡಿಯುವ ಮಡಿಚುವ ಕ್ಯಾಮರಾವನ್ನು ಮಾರತೊಡಗಿತು. 1929ರಲ್ಲಿ ಜರ್ಮನಿಯ ಝೈಸ್ ಐಕಾನ್ ಕಂಪನಿಯ ಐಕಾಂಟಾ ಬಂತು: ಗುಂಡಿ ಒತ್ತಿದರೆ ತಾನಾಗಿ ಎದ್ದು ನಿಲ್ಲುವ ಕ್ಯಾಮರಾ. ಅಲ್ಲಿಂದ ಮೂವತ್ತು ವರ್ಷ ಈ ಜಾತಿಯ ಕಾಲ. 1960ರ ಹೊತ್ತಿಗೆ ಜರ್ಮನಿಯ ದೊಡ್ಡ ಕಾರ್ಖಾನೆಗಳು ಬಹುಮಟ್ಟಿಗೆ ಇದನ್ನು ಕೈಬಿಟ್ಟವು.

ನನ್ನ ಕೈಗೆ ಬಂದ ಕ್ಯಾಮರಾ ನನ್ನ ಸೋದರಮಾವನದು. ಜರ್ಮನಿಯಲ್ಲಿ ಮಾಡಿದ್ದು. ಯಾವ ಕಂಪನಿಯದೆಂಬುದು ಇಲ್ಲಿ ಬೇಡ. ನಡೆದದ್ದರಲ್ಲಿ ಅದರ ತಪ್ಪೇನೂ ಇಲ್ಲ. ಮಾವ ಬೆಂಗಳೂರಿನಲ್ಲಿ ಓದುತ್ತಿದ್ದಾಗ ಯಾರಿಂದಲೋ ಎರಡನೆಯ ಕೈಯದಾಗಿ ಕೊಂಡದ್ದಂತೆ. ಅವರ ಮನೆ ಶರಾವತಿಯ ದಂಡೆಯ ಒಂದು ಹಳ್ಳಿಯಲ್ಲಿತ್ತು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. 1964ರಲ್ಲಿ ಅಣೆ ಪೂರ್ತಿಯಾಗಿ, ನೀರು ನಿಂತು, ಸಾಗರ ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಮುಳುಗಿದವು. ಆ ಹಳ್ಳಿಗಳ ಜೊತೆಗೆ ನನ್ನ ಅಜ್ಜಿಯ ಮನೆಯೂ ಹೋಯಿತು. ಅದಕ್ಕೆ ಹಿಂದಿನ ಬೇಸಗೆಯಲ್ಲಿ ಮನೆಯವರೆಲ್ಲ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಹೊರಟರು. ನನ್ನ ತಾಯಿಗೆ ಆಗ ಹನ್ನೆರಡು ವರ್ಷ.

ಮಾವ ತೀರಿಕೊಂಡ ಮೇಲೆ, 2014ರಲ್ಲಿ, ಅವರ ಮನೆಯ ಅಟ್ಟವನ್ನು ಇಳಿಸುವಾಗ ಆ ಕ್ಯಾಮರಾ ಸಿಕ್ಕಿತು. ಚರ್ಮಕ್ಕೆ ಬೂಷ್ಟು ಹಿಡಿದಿತ್ತು. ಬೆನ್ನಿನಲ್ಲಿ ಕಡಲೆಕಾಳಿನಷ್ಟು ಅಗಲದ ಕೆಂಪು ಗಾಜಿನ ಕಿಂಡಿಯೊಂದಿತ್ತು. ಅದರೊಳಗೆ 5 ಎಂಬ ಅಂಕಿ ಕಾಣುತ್ತಿತ್ತು. ಅದು ಕ್ಯಾಮರಾದ ಮೇಲೆ ಅಚ್ಚು ಹಾಕಿದ ಯಾವುದೋ ಗುರುತು ಎಂದು ತಿಳಿದೆ. ಹಿಡಿ ಜಾರಿಸಿ ಹಿಂಬದಿಯ ಮುಚ್ಚಳ ತೆರೆದೆ. ಒಳಗೆ ಒಂದು ಕಾಗದದ ಪಟ್ಟಿ ಬಿಗಿಯಾಗಿ ಹಾದು ಹೋಗಿತ್ತು. ಇದರ ಅಡಿಯಲ್ಲೇನಿದೆ ಎಂದು ಬೆರಳಿನಿಂದ ಅದನ್ನು ಎತ್ತಿ ನೋಡಿದೆ. ಮಾಸಲು ಬಣ್ಣದ ಫಿಲ್ಮು ಕಂಡಿತು. ಆಗ ನನಗೆ ಅರಿವಾಯಿತು. ಥಟ್ಟನೆ ಮುಚ್ಚಿದೆ. ಎಲ್ಲ ಸೇರಿ ನಾಲ್ಕೈದು ಸೆಕೆಂಡು ಆಗಿದ್ದೀತು. ಹಗಲು ಹನ್ನೊಂದು ಗಂಟೆ. ಕಿಟಕಿಯ ಪಕ್ಕದಲ್ಲಿ ಕೂತಿದ್ದೆ.

ಏನಾಯಿತೆಂದು ತಿಳಿಯಬೇಕಾದರೆ ಈ ಫಿಲ್ಮಿನ ಕಟ್ಟೋಣವನ್ನು ಸ್ವಲ್ಪ ತಿಳಿಯಬೇಕು. ಇದಕ್ಕೆ 120ರ ಫಿಲ್ಮು ಎಂದು ಹೆಸರು. 1901ರಲ್ಲಿ ಬಂದದ್ದು, ಇಂದೂ ತಯಾರಾಗುತ್ತಿದೆ. ಆರು ಸೆಂಟಿಮೀಟರು ಅಗಲದ ಫಿಲ್ಮಿನ ಬೆನ್ನಿಗೆ, ಅದಕ್ಕಿಂತ ಉದ್ದವಾದ ಒಂದು ಕಾಗದದ ಪಟ್ಟಿ ಇರುತ್ತದೆ. ಎರಡೂ ಒಟ್ಟಿಗೆ ಉರುಳೆಗೆ ಸುತ್ತಿಕೊಂಡಿರುತ್ತವೆ. ಕಾಗದದ ಬೆನ್ನಿನಲ್ಲಿ ಅಂಕಿಗಳಿರುತ್ತವೆ. ಕೆಂಪು ಕಿಂಡಿಯಲ್ಲಿ ಕಾಣುವುದು ಆ ಅಂಕಿಗಳೇ. ಒಂದು ಪಟ ತೆಗೆದ ಮೇಲೆ, ಮುಂದಿನ ಅಂಕಿ ಕಿಂಡಿಗೆ ಬರುವ ತನಕ ತಿರುಗಣೆಯನ್ನು ತಿರುಗಿಸಬೇಕು. ಆರು ಒಂಬತ್ತು ಸೆಂಟಿಮೀಟರಿನ ಪಟವಾದರೆ ಒಂದು ಸುರುಳಿಗೆ ಎಂಟು. ಆರಕ್ಕೆ ಆರು ಆದರೆ ಹನ್ನೆರಡು. ತೆಗೆದ ಭಾಗವೆಲ್ಲ ಎದುರಿನ ಉರುಳೆಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಮೊದಲನೆಯ ಪಟ ಎಲ್ಲಕ್ಕೂ ಒಳಗೆ, ಅದರ ಮೇಲೆ ಎರಡನೆಯದು, ಹೀಗೆ. ಕೊನೆಗೆ ತೆಗೆದದ್ದು ಹೊರಗಿನ ಸುತ್ತಿನಲ್ಲಿ ಅಥವಾ ಮಸೂರದ ಎದುರಿನಲ್ಲಿಯೇ ಇರುತ್ತದೆ. ಆದುದರಿಂದ ಅವಸರದವನೊಬ್ಬ ಮುಚ್ಚಳ ತೆರೆದರೆ ಮೊದಲು ಸಾಯುವುದು ಕೊನೆಯ ಪಟ.

ನಾನು ತೆರೆದ ಕ್ಯಾಮರಾದಲ್ಲಿ 5 ಎಂಬ ಅಂಕಿ ಇತ್ತೆಂದರೆ ನಾಲ್ಕು ಪಟಗಳನ್ನು ಖಂಡಿತ ತೆಗೆದಾಗಿತ್ತು. ಐದನೆಯದು ತೆಗೆದಿದ್ದರೂ ತೆಗೆದಿರಬಹುದು. ಈ ಕ್ಯಾಮರಾದಲ್ಲಿ ಅದನ್ನು ಹೊರಗಿನಿಂದ ಹೇಳುವ ಉಪಾಯವಿಲ್ಲ. ಇನ್ನು ಮೂರು ಉಳಿದಿದ್ದವು. ಏಕೆ ಉಳಿದವೆಂದು ಆಮೇಲೆ ತಾಯಿಯನ್ನು ಕೇಳಿದೆ. ಫಿಲ್ಮು ದುಬಾರಿ, ಆಮದಿಗೆ ಕಟ್ಟುಪಾಡು ಇದ್ದ ಕಾಲ. ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಗಿದ್ದರೂ ಅಲ್ಲಿಂದ ಸರಕು ಹೊರಬಂದದ್ದು 1967ರಲ್ಲಿ. ಎಂಟನ್ನೂ ಮುಗಿಸಿಯೇ ತೊಳೆಸೋಣ ಎಂದು ಮಾವ ಇಟ್ಟುಕೊಂಡಿದ್ದರಂತೆ. ಹೊಸ ಊರಿನಲ್ಲಿ ಕಾಡು ಕಡಿದು ಗದ್ದೆ ಮಾಡುವ ಗಡಿಬಿಡಿಯಲ್ಲಿ ಪಟ ತೆಗೆಯುವ ಮನಸ್ಸು ಯಾರಿಗಿತ್ತು? ಕ್ಯಾಮರಾ ಟ್ರಂಕಿಗೆ ಹೋಯಿತು, ಟ್ರಂಕು ಅಟ್ಟಕ್ಕೆ ಹೋಯಿತು. ಐವತ್ತೊಂದು ವರ್ಷ ಕಳೆಯಿತು.

ಐವತ್ತು ವರ್ಷದ ಮೇಲೆ ಫಿಲ್ಮಿನಲ್ಲಿ ಏನು ಉಳಿದೀತು ಎಂದು ನೀವು ಕೇಳಬಹುದು. ಫಿಲ್ಮಿನ ಮೈಯಲ್ಲಿರುವುದು ಜಿಲೆಟಿನ್ನಿನಲ್ಲಿ ಹರಡಿದ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳು. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬಿಡಿಸಿಕೊಂಡು ಒಟ್ಟುಗೂಡುತ್ತವೆ. ಕಣ್ಣಿಗೆ ಏನೂ ಕಾಣದು. ಆದರೆ ಗುರುತು ಬಿದ್ದಿರುತ್ತದೆ. ರಾಸಾಯನಿಕ ದ್ರಾವಣಕ್ಕೆ ಹಾಕಿದಾಗ ಆ ಗುರುತೇ ಬೆಳೆದು ಕಪ್ಪಾಗುತ್ತದೆ. ತಂಪು ಒಣಹವೆಯಲ್ಲಿ ಈ ಗುರುತು ಬಹುಕಾಲ ಇರುತ್ತದೆ. 1897ರಲ್ಲಿ ಸ್ವೀಡನ್ನಿನ ಆಂಡ್ರೇ ಎಂಬವರು ಇಬ್ಬರು ಸಂಗಡಿಗರೊಡನೆ ಬೆಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಕಾಣೆಯಾದರು. 1930ರಲ್ಲಿ, ಮೂವತ್ತಮೂರು ವರ್ಷಗಳ ಮೇಲೆ, ಹಿಮದ ದ್ವೀಪವೊಂದರಲ್ಲಿ ಅವರ ದೇಹಗಳೂ ಫಿಲ್ಮುಗಳೂ ಸಿಕ್ಕವು. ಸ್ಟಾಕ್‌ಹೋಮಿನಲ್ಲಿ ಹರ್ಟ್ಸ್‌ಬರ್ಗ್ ಎಂಬ ತಜ್ಞರು ಅವುಗಳನ್ನು ತೊಳೆದು, ಸುಮಾರು 240 ಪಟಗಳಲ್ಲಿ 93ನ್ನು ಉಳಿಸಿಕೊಟ್ಟರು. ನೆಲಕ್ಕೆ ಒರಗಿದ ಬೆಲೂನಿನ ಮುಂದೆ ನಿಂತ ಇಬ್ಬರನ್ನು ಆ ಪಟದಲ್ಲಿ ಇಂದೂ ನೋಡಬಹುದು.

ಇನ್ನೊಂದು ಕಥೆ ಮಡಿಚುವ ಕ್ಯಾಮರಾದ್ದೇ. 1924ರ ಜೂನ್ 8ರಂದು ಮ್ಯಾಲರಿ ಮತ್ತು ಅರ್ವಿನ್ ಎಂಬ ಇಬ್ಬರು ಎವರೆಸ್ಟಿನ ತುದಿಗೆ ಹೊರಟು ಹಿಂದಿರುಗಲಿಲ್ಲ. ಅವರ ಬಳಿ ಒಂದು ವೆಸ್ಟ್ ಪಾಕೆಟ್ ಕೊಡಕ್ ಇತ್ತೆಂದು ನಂಬಿಕೆ. ಅದನ್ನು ಕೊಟ್ಟವರು ಅದೇ ತಂಡದ ಡಾಕ್ಟರ್ ಸಾಮರ್‌ವೆಲ್. ಇವರು ದಕ್ಷಿಣ ತಿರುವಾಂಕೂರಿನ ನೆಯ್ಯೂರಿನ ಆಸ್ಪತ್ರೆಯಲ್ಲಿ ಬಹುಕಾಲ ಶಸ್ತ್ರವೈದ್ಯರಾಗಿದ್ದರು. 1999ರಲ್ಲಿ ಮ್ಯಾಲರಿಯವರ ದೇಹ ಸಿಕ್ಕಿತು, ಕ್ಯಾಮರಾ ಸಿಗಲಿಲ್ಲ. 2024ರಲ್ಲಿ ಅರ್ವಿನ್‌ರ ಪಾದವಷ್ಟೇ ಸಿಕ್ಕಿತು, ಆಗಲೂ ಕ್ಯಾಮರಾ ಸಿಗಲಿಲ್ಲ. ಅವರು ತುದಿ ಮುಟ್ಟಿದರೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಆ ಅಂಗೈ ಅಗಲದ ಪೆಟ್ಟಿಗೆಯಲ್ಲಿರಬಹುದು. ಅದನ್ನು ಯಾರಾದರೂ ಕಂಡರೆ ನನ್ನ ಹಾಗೆ ಮುಚ್ಚಳ ತೆರೆಯದಿರಲಿ ಎಂಬುದು ನನ್ನ ಹಾರೈಕೆ.

ಶರಾವತಿಯ ದಂಡೆ ಧ್ರುವಪ್ರದೇಶವಲ್ಲ. ಅಲ್ಲಿ ನಾಲ್ಕು ತಿಂಗಳು ಮಳೆ. ಅಟ್ಟದ ಮೇಲೆ ಅಡಿಗೆಮನೆಯ ಹೊಗೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು, ಕತ್ತಲೆ ಕೋಣೆಯ ಕೆಲಸ ಬಲ್ಲ ಮೈಸೂರಿನ ಹಿರಿಯರೊಬ್ಬರು ಹೇಳಿದರು. ಸುರುಳಿಯನ್ನು ಕೊನೆಯ ತನಕ ಸುತ್ತಿ, ಕತ್ತಲಲ್ಲಿ ತೆಗೆದು, ಅವರೇ ತೊಳೆದುಕೊಟ್ಟರು. ನೆಗೆಟಿವ್ ಒಣಗಲು ನೇತುಹಾಕಿದಾಗ ಎಂಟು ಮನೆಗಳನ್ನು ಎಣಿಸಿದೆವು. ಮೊದಲನೆಯದರಲ್ಲಿ ಅಡಿಕೆಯ ತೋಟ, ಅದರ ಮೇಲಿನ ದಿಬ್ಬದಲ್ಲಿ ಹೆಂಚಿನ ಮನೆ. ಎರಡನೆಯದರಲ್ಲಿ ಜಗುಲಿಯ ಮೇಲೆ ಏಳು ಜನ. ಅವರ ಮೈಮೇಲೆಲ್ಲ ಹಿಂಬದಿಯ ಕಾಗದದ ಅಂಕಿಗಳು ಅಚ್ಚು ಬಿದ್ದಿದ್ದವು. ಮೂರನೆಯದರಲ್ಲಿ ಕೊಟ್ಟಿಗೆಯ ಮುಂದೆ ಒಂದು ಕರು. ಬಲಗಡೆಯ ಅರ್ಧ ಸುಟ್ಟುಹೋಗಿತ್ತು. ನಾಲ್ಕನೆಯದು ಬರೀ ಗೀರುಗಳು. ಐದನೆಯದು ಹಂಚಿನ ತಳದ ಹಾಗೆ ಪೂರಾ ಕಪ್ಪು. ನೆಗೆಟಿವಿನಲ್ಲಿ ಕಪ್ಪೆಂದರೆ ಬೆಳಕು ಮಿತಿಮೀರಿ ಬಿದ್ದಿದೆ ಎಂದರ್ಥ. ಉಳಿದ ಮೂರು ಖಾಲಿ.

ಪ್ರಿಂಟ್ ಹಾಕಿಸಿ ತಾಯಿಗೆ ತೋರಿಸಿದೆ. ಮೊದಲನೆಯದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಎರಡನೆಯದರಲ್ಲಿ ಆರು ಜನರ ಹೆಸರು ಹೇಳಿದರು. ಏಳನೆಯವರು ಯಾರೆಂದು ಅವರಿಗೂ ತಿಳಿಯದು. ಮೂರನೆಯದನ್ನು ನೋಡಿ ಕರುವಿನ ಹೆಸರನ್ನೂ ಹೇಳಿದರು. ಆಮೇಲೆ ಕೇಳಿದರು: “ಅಮ್ಮಂದು ಎಲ್ಲೋ? ಹೊರಡುವ ದಿನ ಎಲ್ಲ ಆದಮೇಲೆ ಕಡೆಗೆ ಅಣ್ಣ ಅಮ್ಮನನ್ನು ಹೊಸ್ತಿಲ ಮೇಲೆ ನಿಲ್ಲಿಸಿ ತೆಗೆದಿದ್ದನಲ್ಲ?”

ನನ್ನ ಅಜ್ಜಿಯ ಪಟ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಅದು ನಾಲ್ಕನೆಯದಾಗಿತ್ತೋ ಐದನೆಯದಾಗಿತ್ತೋ ಈಗ ಹೇಳುವಂತಿಲ್ಲ. ಎರಡನ್ನೂ ಸುಟ್ಟವನು ನಾನೇ. ತಾಯಿಗೆ ಆ ದಿನ ನಿಜ ಹೇಳಲಿಲ್ಲ. ಹಳೆಯದಾಗಿ ಕೆಟ್ಟುಹೋಗಿದೆ ಎಂದೆ. ಒಂದು ವಾರದ ಮೇಲೆ ಹೇಳಿದೆ. “ನೀನೇನು ಗೊತ್ತಿದ್ದು ಮಾಡಿದೆಯಾ?” ಎಂದು ಅಷ್ಟಕ್ಕೇ ಬಿಟ್ಟರು. ನನಗೆ ಬಿಡಲಾಗಲಿಲ್ಲ. ಈ ಕ್ಯಾಮರಾವನ್ನು ಸರಿಯಾಗಿ ಬಳಸಲು ಕಲಿಯಬೇಕೆಂದು ಹಟ ಹುಟ್ಟಿದ್ದು ಆಗ.

ಇನ್ನು ಕಲಿತದ್ದನ್ನು ಹೇಳುತ್ತೇನೆ.

ಮೊದಲು ತಿದಿಯ ಪರೀಕ್ಷೆ. ಕ್ಯಾಮರಾದಲ್ಲಿ ಫಿಲ್ಮು ಇಲ್ಲವೆಂದು ಕಿಂಡಿಯಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಕಿಂಡಿ ಖಾಲಿ ಕಂಡರೂ ತಿರುಗಣೆಯನ್ನು ಮೆಲ್ಲಗೆ ತಿರುಗಿಸಿ. ಬಿಗಿ ಹತ್ತಿದರೆ, ಅಂಕಿ ಕಂಡರೆ, ನಿಲ್ಲಿಸಿ. ಖಾಲಿ ಎಂದಾದರೆ ರಾತ್ರಿ ದೀಪ ಆರಿಸಿ, ಹಿಂಬದಿ ತೆರೆದು, ಟಾರ್ಚನ್ನು ತಿದಿಯೊಳಗೆ ಇಳಿಸಿ ಸುತ್ತ ನೋಡಿ. ಮಡಿಕೆಯ ಮೂಲೆಗಳಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಳಕು ಕಂಡರೆ ಅಲ್ಲಿ ತೂತು ಬಿದ್ದಿದೆ. ಮೂಲೆಗಳೇ ಹೆಚ್ಚು ಮಡಿಯುವುದರಿಂದ ಸವೆಯುವುದೂ ಅವೇ. ನನ್ನದರಲ್ಲಿ ಒಂಬತ್ತು ತೂತುಗಳಿದ್ದವು. ತೆಳುವಾದ ಕರಿಯ ಬಟ್ಟೆಯ ತುಣುಕುಗಳನ್ನು, ಒಣಗಿದ ಮೇಲೂ ಬಾಗುವ ಅಂಟಿನಿಂದ ಹಚ್ಚಿದೆ. ದಪ್ಪ ಬಟ್ಟೆ ಹಚ್ಚಿದರೆ ತಿದಿ ಮಡಿಚಿಕೊಳ್ಳುವುದಿಲ್ಲ.

ಎರಡನೆಯದು ಷಟರು. ಮಸೂರದ ಮಧ್ಯದಲ್ಲಿ ತೆಳುವಾದ ಲೋಹದ ಎಸಳುಗಳು ತೆರೆದು ಮುಚ್ಚಿಕೊಳ್ಳುತ್ತವೆ. ಮೊದಲು ಒಂದು ಸಣ್ಣ ಕೋಲನ್ನು ಎಳೆದು ಸ್ಪ್ರಿಂಗಿಗೆ ಬಿಗಿ ಕೊಡಬೇಕು, ಆಮೇಲೆ ಗುಂಡಿ ಒತ್ತಬೇಕು. ಸುತ್ತಲಿನ ಬಳೆಯ ಮೇಲೆ 1, 2, 5, 10, 25, 50, 100, 250 ಎಂದು ಬರೆದಿರುತ್ತದೆ. ಎಂದರೆ ಸೆಕೆಂಡಿನ ಅಷ್ಟನೆಯ ಒಂದು ಭಾಗ. ಬಳೆಯನ್ನು ಬಿಗಿ ಕೊಡುವುದಕ್ಕೆ ಮೊದಲೇ ತಿರುಗಿಸಿಟ್ಟುಕೊಳ್ಳಿ. ಆಮೇಲೆ ತಿರುಗಿಸಿದರೆ ಕೆಲವು ಷಟರುಗಳಿಗೆ ಪೆಟ್ಟು. ಮುಪ್ಪಾದ ಸ್ಪ್ರಿಂಗು ಬರೆದಷ್ಟು ವೇಗದಲ್ಲಿ ಓಡದು. 250 ಎಂದು ಬರೆದದ್ದು 150ರಷ್ಟೇ ಓಡೀತು. ನಿಧಾನದ ಅಂಕಿಗಳಲ್ಲಿ ಎಣ್ಣೆ ಗಟ್ಟಿಯಾಗಿ ಅರ್ಧದಲ್ಲೇ ನಿಂತೀತು. ನಾನು 50 ಮತ್ತು 100ನ್ನು ಬಿಟ್ಟು ಬೇರೆಯದನ್ನು ನಂಬುವುದಿಲ್ಲ.

ಮೂರನೆಯದು ಬೆಳಕು. ಈ ಕ್ಯಾಮರಾಕ್ಕೆ ಬೆಳಕನ್ನು ಅಳೆಯುವ ಬುದ್ಧಿ ಇಲ್ಲ. ಆ ಬುದ್ಧಿ ನಿಮ್ಮದಾಗಬೇಕು. ಒಂದು ಸುಲಭ ಸೂತ್ರವುಂಟು: ಫಿಲ್ಮಿನ ವೇಗ 100 ಆಗಿದ್ದು, ನಿಚ್ಚಳ ಬಿಸಿಲಿದ್ದರೆ, ಕಂಡಿಯನ್ನು 16ಕ್ಕೂ ಷಟರನ್ನು 100ಕ್ಕೂ ಇಡಿ. ತೆಳು ಮೋಡವಿದ್ದರೆ 11. ಮೋಡ ಕವಿದಿದ್ದರೆ 8. ಮನೆಯ ನೆರಳಿನಲ್ಲಿ, ಮರದಡಿಯಲ್ಲಿ 5.6. ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು ಎಂಬುದು ಮೊದಮೊದಲು ತಲೆಕೆಳಗೆನಿಸುತ್ತದೆ. ನಾಲ್ಕು ಸುರುಳಿ ತೆಗೆದ ಮೇಲೆ ಅಭ್ಯಾಸವಾಗುತ್ತದೆ. ನೆರಳಿನ ಅಂಚನ್ನು ನೋಡಿಯೂ ತಿಳಿಯಬಹುದು. ನೆರಳು ಕತ್ತರಿಸಿದ ಹಾಗೆ ಚೂಪಾಗಿದ್ದರೆ ಅದು 16ರ ಬಿಸಿಲು. ಅಂಚು ಮೆತ್ತಗಾದರೆ 11. ನೆರಳೇ ಇಲ್ಲದಿದ್ದರೆ 8.

ನಾಲ್ಕನೆಯದು ದೂರ. ಇದನ್ನೂ ನೀವೇ ಹೇಳಬೇಕು. ಮಸೂರದ ಸುತ್ತ ಅಡಿಗಳ ಲೆಕ್ಕ ಕೊರೆದಿರುತ್ತದೆ. ನನಗೆ ಅಡಿಗಿಂತ ಮಾರು ಸುಲಭ. ಎರಡು ತೋಳು ಚಾಚಿದಷ್ಟು ಒಂದು ಮಾರು, ಆರು ಅಡಿ. ಎದುರಿಗಿರುವವರು ಎಷ್ಟು ಮಾರು ದೂರದಲ್ಲಿದ್ದಾರೆಂದು ಕಣ್ಣಿನಲ್ಲಿಯೇ ಅಳೆದು ಆರರಿಂದ ಗುಣಿಸುತ್ತೇನೆ. ಕಂಡಿ 11ರಲ್ಲಿ ಇದ್ದು ದೂರ ಹದಿನೈದು ಅಡಿ ಎಂದಿಟ್ಟರೆ, ಸುಮಾರು ಹನ್ನೊಂದೂವರೆ ಅಡಿಯಿಂದ ಇಪ್ಪತ್ತೆರಡು ಅಡಿಯ ತನಕ ಇರುವುದೆಲ್ಲ ಸ್ಪಷ್ಟವಾಗಿಯೇ ಬೀಳುತ್ತದೆ. ಸಣ್ಣ ತಪ್ಪು ಮುಚ್ಚಿಹೋಗುತ್ತದೆ. ಆದರೆ ಕಂಡಿಯನ್ನು ಪೂರ್ತಿ ತೆರೆದು ಆರು ಅಡಿಯಲ್ಲಿ ಮುಖ ತೆಗೆಯುವಾಗ ಸ್ಪಷ್ಟವಾಗಿರುವುದು ಏಳೆಂಟು ಅಂಗುಲ ಮಾತ್ರ. ಅಲ್ಲಿ ಅಂದಾಜು ಸಾಲದು. ದರ್ಜಿಯ ಟೇಪು ಹಿಡಿದು ಅಳೆಯಿರಿ. ಜನ ನಗುತ್ತಾರೆ. ನಕ್ಕ ಮುಖ ಪಟಕ್ಕೆ ಒಳ್ಳೆಯದೇ.

ಐದನೆಯದು, ಕೈಯ ಶಿಸ್ತು. ಮುಂದಿನ ಬಾಗಿಲನ್ನು ಮೆಲ್ಲಗೆ ತೆರೆಯಿರಿ. ಥಟ್ಟನೆ ತೆರೆದರೆ ತಿದಿ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಫಿಲ್ಮು ಉಬ್ಬುತ್ತದೆ. ತೆರೆದ ಮೇಲೆಯೇ ಫಿಲ್ಮನ್ನು ಮುಂದಿನ ಅಂಕಿಗೆ ತಿರುಗಿಸಿದರೆ ಅದು ಬಿಗಿಯಾಗಿ ಚಪ್ಪಟೆ ನಿಲ್ಲುತ್ತದೆ. ತಿರುಗಿಸಲು ಮರೆತರೆ ಒಂದೇ ಜಾಗದಲ್ಲಿ ಎರಡು ಪಟ. ನನ್ನ ಎರಡನೆಯ ಸುರುಳಿಯಲ್ಲಿ ನಮ್ಮ ಬೀದಿಯ ಗಣಪತಿ ಗುಡಿಯ ಮೇಲೆ ಹಾಲಿನವನ ಸೈಕಲ್ಲು ಹತ್ತಿ ಕೂತಿದೆ. ಕೆಂಪು ಕಿಂಡಿಯ ಬಗ್ಗೆ ಇನ್ನೊಂದು ಮಾತು. ಹಿಂದಿನ ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಅದಕ್ಕೇ ಕೆಂಪು ಗಾಜು. ಈಗಿನ ಫಿಲ್ಮು ಎಲ್ಲ ಬಣ್ಣಕ್ಕೂ ಮಿಡಿಯುತ್ತದೆ. ಆದುದರಿಂದ ಕಿಂಡಿಯ ಮೇಲೆ ಕರಿಯ ಪಟ್ಟಿ ಅಂಟಿಸಿಟ್ಟು, ತಿರುಗಿಸುವಾಗ ಮಾತ್ರ, ಅದೂ ನೆರಳಿನಲ್ಲಿ, ಎತ್ತಿ ನೋಡಿ.

ಫಿಲ್ಮು ಸಿಗುತ್ತದೆಯೇ? ಇಂಗ್ಲೆಂಡಿನ ಇಲ್‌ಫರ್ಡ್, ಚೆಕ್ ದೇಶದ ಫೋಮಾ, ಅಮೆರಿಕದ ಕೊಡಕ್ ಇವು 120ರ ಫಿಲ್ಮನ್ನು ತಯಾರಿಸುತ್ತಿವೆ. ಕೆಲವು ಹಳೆಯ ಕೊಡಕ್ ಕ್ಯಾಮರಾಗಳಿಗೆ 620 ಎಂಬ ಅಳತೆ ಬೇಕು. ಫಿಲ್ಮು ಅದೇ, ಉರುಳೆ ಮಾತ್ರ ಸಣ್ಣದು. ಕತ್ತಲಲ್ಲಿ 120ರ ಫಿಲ್ಮನ್ನು ಹಳೆಯ 620ರ ಉರುಳೆಗೆ ಸುತ್ತಿಕೊಂಡರಾಯಿತು. ಒಂದೊಂದು ಪಟಕ್ಕೂ ಹಣ ಬೀಳುತ್ತದೆ, ನಿಜ. ಎಂಟೇ ಉಂಟು ಎಂದು ತಿಳಿದಾಗ ಮನುಷ್ಯ ಎಂಟು ಸಲ ಯೋಚಿಸುತ್ತಾನೆ. ಯಾರನ್ನು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು, ಬೆಳಕು ಯಾವ ಕಡೆಯಿಂದ ಬರಬೇಕು, ಇವೆಲ್ಲ ಗುಂಡಿ ಒತ್ತುವ ಮೊದಲೇ ತೀರ್ಮಾನವಾಗಬೇಕು. ನನ್ನ ಮಾವ ಹೊರಡುವ ದಿನ ಐದು ಪಟ ತೆಗೆದರು ಎಂದುಕೊಂಡರೆ, ಇಡೀ ಊರಿನಲ್ಲಿ ಆ ಐದನ್ನೇ ಅವರು ಆರಿಸಿದ್ದರು: ತೋಟ, ಮನೆಯ ಜನ, ಕರು, ಮತ್ತೆ ಯಾವುದೋ ಒಂದು, ಕಡೆಗೆ ತಾಯಿ. ಮಾವನನ್ನು ನಾನು ಅವರು ಬದುಕಿದ್ದಾಗಿಗಿಂತ ಹೆಚ್ಚಾಗಿ ಅರಿತದ್ದು ಆ ಸುರುಳಿಯಿಂದಲೇ.

ತೊಳೆಯುವುದನ್ನೂ ಮನೆಯಲ್ಲಿಯೇ ಕಲಿಯಬಹುದು. ಕತ್ತಲೆ ಚೀಲದೊಳಗೆ ಕೈಹಾಕಿ ಫಿಲ್ಮನ್ನು ಕಾಗದದಿಂದ ಬಿಡಿಸಿ, ಬೆಳಕು ಹೋಗದ ಡಬ್ಬಿಗೆ ಸೇರಿಸಬೇಕು. ಆಮೇಲೆ ಎಲ್ಲವೂ ಹಗಲು ಬೆಳಕಿನಲ್ಲೇ. ಮೊದಲು ಡೆವಲಪರು. ಸಾಮಾನ್ಯವಾಗಿ ಕಾಲದ ಲೆಕ್ಕವನ್ನು 20 ಡಿಗ್ರಿ ಸೆಂಟಿಗ್ರೇಡಿಗೆ ಕೊಟ್ಟಿರುತ್ತಾರೆ. ನಮ್ಮ ಊರುಗಳ ನೀರು 24, 25 ಇರುತ್ತದೆ. ಬಿಂದಿಗೆಯ ನೀರಿಗೆ ಮಂಜುಗಡ್ಡೆಯ ಚೂರು ಹಾಕಿ ತಣಿಸಿ, ಇಲ್ಲವೆ ಕಾಲವನ್ನು ಕಡಿಮೆ ಮಾಡಿ. ಆಮೇಲೆ ನೀರು, ಆಮೇಲೆ ಹೈಪೋ. ಬೆಳಕು ತಾಗದ ಬೆಳ್ಳಿಯ ಲವಣವನ್ನು ಕರಗಿಸಿ ಚಿತ್ರವನ್ನು ನಿಲ್ಲಿಸುವುದು ಹೈಪೋ. ಜಾನ್ ಹರ್ಷೆಲ್ ಎಂಬ ವಿಜ್ಞಾನಿ ಈ ಉಪಾಯವನ್ನು ಹೇಳಿಕೊಟ್ಟದ್ದು 1839ರಲ್ಲಿ. ಇಂದಿಗೂ ಅದಕ್ಕೆ ಬದಲಿ ಬೇಕಾಗಿಲ್ಲ. ಕೊನೆಗೆ ಅರ್ಧ ಗಂಟೆ ಹರಿಯುವ ನೀರಿನಲ್ಲಿ ತೊಳೆದು, ಧೂಳಿಲ್ಲದ ಕಡೆ ನೇತುಹಾಕಬೇಕು. ಬಚ್ಚಲುಮನೆ ಇದಕ್ಕೆ ಉತ್ತಮ.

ಕ್ಯಾಮರಾ ಸರಿಯಾದ ಮೇಲೆ ನಾನು ನಂಬಿಕೆಯಿಂದ ತೆಗೆದ ಮೊದಲ ಪಟ ನನ್ನ ತಾಯಿಯದು. ನಮ್ಮ ಮನೆಯ ಹೊಸ್ತಿಲ ಮೇಲೆ ನಿಲ್ಲಿಸಿದೆ. ಬೆಳಗಿನ ಒಂಬತ್ತು ಗಂಟೆ, ಬಾಗಿಲಿಗೆ ನೆರಳು, ಕಂಡಿ 5.6, ಷಟರು 50. ಟೇಪಿನಲ್ಲಿ ಅಳೆದರೆ ಎಂಟು ಅಡಿ. “ಇನ್ನೂ ಎಷ್ಟು ಹೊತ್ತೋ?” ಎಂದರು, ಅಷ್ಟರಲ್ಲಿ ಒತ್ತಿದೆ. ಎಂಟರಲ್ಲಿ ಆರು ಇನ್ನೂ ಉಳಿದಿದ್ದವು. ಉಳಿಸಲಿಲ್ಲ. ಅಂಗಳವನ್ನು, ಬಾವಿಯನ್ನು, ಎದುರುಮನೆಯ ಮಕ್ಕಳನ್ನು ತೆಗೆದು ಸುರುಳಿ ಮುಗಿಸಿ ಆ ರಾತ್ರಿಯೇ ತೊಳೆದೆ.

ಪ್ರಿಂಟನ್ನು ನೋಡಿ ತಾಯಿ ಹೇಳಿದರು: “ಅಮ್ಮ ಹೀಗೆ ಕೈ ಬಿಟ್ಟುಕೊಂಡು ನಿಂತಿರಲಿಲ್ಲ. ಕೈಯಲ್ಲಿ ದೇವರ ದೀಪ ಇತ್ತು. ಆರದ ಹಾಗೆ ಸೆರಗು ಅಡ್ಡ ಹಿಡಿದಿದ್ದಳು.” ಆ ಮಾತನ್ನು ಅವರಿಂದ ಮೊದಲ ಸಲ ಕೇಳಿದೆ. ಸುಟ್ಟ ನೆಗೆಟಿವನ್ನು ಇಟ್ಟ ಲಕೋಟೆಯ ಮೇಲೆ ಅದನ್ನು ಹಾಗೆಯೇ ಬರೆದಿಟ್ಟಿದ್ದೇನೆ. ಪಟ ಇಲ್ಲ, ಪಟದಲ್ಲಿ ಏನಿತ್ತೆಂಬುದು ಉಳಿಯಿತು. ಜಗುಲಿಯ ಮೇಲಿನ ಏಳು ಜನರ ಪ್ರಿಂಟಿನ ಹಿಂದೆಯೂ ಆರು ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಏಳನೆಯ ಗೆರೆ ಖಾಲಿ ಇದೆ. 1914ರಿಂದ ಕೆಲವು ಕಾಲ ಕೊಡಕ್ ಕಂಪನಿ, ಹಿಂಬದಿಯ ಸಣ್ಣ ಬಾಗಿಲು ತೆರೆದು ಫಿಲ್ಮಿನ ಅಂಚಿನ ಮೇಲೆಯೇ ಹೆಸರು ತಾರೀಕು ಬರೆಯಬಹುದಾದ ಕ್ಯಾಮರಾಗಳನ್ನು ಮಾಡಿತ್ತು. ಅಂಥದ್ದು ಮಾವನ ಕೈಯಲ್ಲಿ ಇದ್ದಿದ್ದರೆ ಆ ಏಳನೆಯವರ ಹೆಸರೂ ಇರುತ್ತಿತ್ತೋ ಏನೋ.

ಆದುದರಿಂದ ನನ್ನ ಬಿನ್ನಹ ಇಷ್ಟೆ. ಅಟ್ಟದ ಮೇಲೆ ತಿದಿಯ ಕ್ಯಾಮರಾ ಸಿಕ್ಕರೆ ಮುಚ್ಚಳಕ್ಕೆ ಕೈ ಹಾಕುವ ಮೊದಲು ಅದರ ಬೆನ್ನಿನ ಕೆಂಪು ಕಿಂಡಿಯನ್ನು ನೋಡಿ. ಅಲ್ಲಿ ಅಂಕಿ ಕಂಡರೆ ತೆರೆಯಬೇಡಿ. ತಿರುಗಣೆಯನ್ನು ಮೆಲ್ಲಗೆ ಕೊನೆಯ ತನಕ ಸುತ್ತಿ, ಕಿಂಡಿಯಲ್ಲಿ ಕಾಗದದ ತುದಿಯೂ ದಾಟಿದ ಮೇಲೆ ಕತ್ತಲಲ್ಲಿ ತೆಗೆದು, ಬಲ್ಲವರ ಕೈಗೆ ಕೊಡಿ. ತಿರುಗಣೆ ಅಲುಗದಿದ್ದರೆ ಬಲವಂತ ಮಾಡದೆ ಕ್ಯಾಮರಾವನ್ನೇ ಕೊಡಿ. ಮನೆಯಲ್ಲಿ ಹಿರಿಯರಿದ್ದರೆ, ಪಟದಲ್ಲಿರುವವರ ಹೆಸರುಗಳನ್ನು ಈ ವಾರವೇ ಕೇಳಿ ಬರೆದುಕೊಳ್ಳಿ. ಆ ಕ್ಯಾಮರಾದಿಂದ ನೀವೇ ಪಟ ತೆಗೆಯಲು ಕಲಿತರೆ ಇನ್ನೂ ಒಳ್ಳೆಯದು; ಸುರುಳಿಯಲ್ಲಿ ಮೂರು ಉಳಿದಿವೆಯೆಂದು ಮಾತ್ರ ಕಾಯುತ್ತ ಕೂರಬೇಡಿ.